ಕಲ್ಲಿನ ಮೇಲಿನ ವಯಸ್ಸು

ಕಲ್ಲಿಗೆ ಹೊದಿಸಿದ ಬಿಳಿ ಬಟ್ಟೆ ಗಾಳಿಗೆ ಉಬ್ಬುತ್ತಿದೆ, ಯಾರಾದರೂ ಅಂಚು ಹಿಡಿದುಕೊಳ್ಳಬಾರದೇ, ಸಿರಾ ಕಚೇರಿ ಮುಂದೆ ಇಷ್ಟು ಜನ ನಿಂತಿದ್ದಾರೆ, ನನ್ನೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ, ಒರಗಲು ಮನಸ್ಸಾಗದು — ಅಮಲ್ದಾರರು ಕಾಗದ ನೋಡಿ ಓದುತ್ತಿದ್ದಾರೆ, ಮದಲೂರಿನ ಮುದ್ದಕ್ಕನ ಮಗ ಓಬಳೇಶ, ಸಿಂಗಪುರದಲ್ಲಿ ಜಪಾನಿಯರ ಸೆರೆಯಲ್ಲಿ ಮಡಿದ ಜವಾನ, ವಯಸ್ಸು ಇಪ್ಪತ್ತೆರಡು. ಇಪ್ಪತ್ತೆರಡಲ್ಲ, ಹತ್ತೊಂಬತ್ತು. ಯಾರಿಗೆ ಹೇಳಲಿ, ದಂಡಿಗೆ ಸೇರುವಾಗ ಅವನ ಹದಿನೈದಕ್ಕೆ ಮೂರು ವರ್ಷ ಸೇರಿಸಿದವಳು ನಾನೇ, ಅವನು ಎರಡು ಸಲ ಮನೆ ಬಿಟ್ಟು ದಂಡಿನವರ ಹಿಂದೆ ಕಳ್ಳಂಬೆಳ್ಳದವರೆಗೂ ನಡೆದುಹೋದವನು, ಎಳೆದು ತಂದರೆ ಮುದ್ದೆ ಮುಟ್ಟದವನು, ಅವ್ವಾ, ದಂಡಿನೋರಿಗೆ ಹದಿನೆಂಟು ಅಂತ ಒಂದ್ಮಾತು ಹೇಳ್ಬುಡು, ಇನ್ನೇನೂ ಕೇಳಾಕಿಲ್ಲ ನಿನ್ನ — ಹೇಳದಿದ್ದರೆ ಮತ್ತೆ ಓಡುತ್ತಾನೆ, ಹೇಳಿದರೆ ಎಲ್ಲಿದ್ದಾನೆಂದಾದರೂ ಗೊತ್ತಿರುತ್ತದೆ, ಹಾಗಂದುಕೊಂಡೆನಲ್ಲ, ಆಮೇಲೆ ಮೂರೂವರೆ ವರ್ಷ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ಜೊತೆ ಸೆರೆಯಲ್ಲಿದ್ದು ಬದುಕಿ ಬಂದ ಸಂಜೀವಯ್ಯ ಪಕ್ಕದಲ್ಲೇ ನಿಂತಿದ್ದಾನೆ, ಮೈಮೇಲೆ ಖಾಕಿ ಜೋಲುತ್ತಿದೆ, ಹೋದ ತಿಂಗಳು ಜಗಲಿಯಲ್ಲಿ ಕೂತು ಹೇಳಿದ, ರಕ್ತಭೇದಿ ಕಣವ್ವ, ಎಂಟೇ ದಿವ್ಸ, ಕೊನೇಗೆ ಏನಂದ್ನಪ್ಪ ಅಂದೆ, ತಲೆ ಎತ್ತದೆ ಹೇಳಿದ, ನಮ್ಮೋರೇ ಒಬ್ರು ಡಾಕ್ಟ್ರು, ನಿಜ ಹೇಳೋ, ಎಷ್ಟು ವರ್ಷ ನಿಂಗೆ ಅಂದ್ರು, ಅದ್ಕೆ ಇವ್ನು, ನಮ್ಮವ್ವ ಹೇಳೌಳಲ್ಲ ಸಾಮಿ, ಅದೇ ನಿಜ ಅಂದ. ಅದೇ ನಿಜ ಅಂದನಂತೆ. ಕುರ್ಚಿ ಹಿಂದಕ್ಕೆ ಬಿತ್ತು, ಎದ್ದುಬಿಟ್ಟಿದ್ದೇನೆ, ಇದು ನನ್ನ ದನಿಯೇ, ಸಾಮಿ, ಇಪ್ಪತ್ತೆರಡಲ್ಲ, ಹತ್ತೊಂಬತ್ತು, ಸುಳ್ಳೇಳ್ದೋಳು ನಾನು, ಅವನಲ್ಲ. ಅಮಲ್ದಾರರು ಕಾಗದ ಮಡಿಚಿ ಹತ್ತಿರ ಬಂದರು, ಕಲ್ಲು ಕೆತ್ತಿ ಆಗಿದೆ ತಾಯಿ, ಮೆಲ್ಲಗೆ ಅಂದರು, ಕೂತುಕೊಳ್ಳಿ. ಕೂರಲಿಲ್ಲ. ಬಟ್ಟೆ ಸರಿಸಿದರು, ಸಂಜೀವಯ್ಯ ಸೆಲ್ಯೂಟ್ ಹೊಡೆದ, ನನಗೆ ಓದು ಬಾರದು, ಎಲ್ಲಿ ನನ್ನ ಮಗನ ಹೆಸರು, ಎಲ್ಲಿ ನನ್ನ ಸುಳ್ಳು, ಬೆರಳಾಡಿಸಿ ಹುಡುಕುತ್ತೇನೆ, ಎಲ್ಲ ಒಂದೇ ಥರ ತಣ್ಣಗೆ — ದಂಡಿಗೆ ಭರ್ತಿಯಾದ ದಿನ ಇದೇ ಅಂಗಳದಲ್ಲಿ ನನ್ನ ಮಗ ಎತ್ತರ ಅಳೆಯುವ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದ, ಅಳೆಯುವವನ ಕಣ್ಣು ಅವನ ನೆತ್ತಿಯ ಮೇಲೆ, ಕೆಳಗೆ ನೋಡಿದವಳು ನಾನೊಬ್ಬಳೇ, ಹಿಮ್ಮಡಿ ನೆಲ ಬಿಟ್ಟಿತ್ತು, ಎರಡು ಬೆರಳಷ್ಟು, ಕಂಡೂ ಸುಮ್ಮನಿದ್ದೆ, ಧೂಳು ಮೆತ್ತಿದ ಆ ಹಿಮ್ಮಡಿ, ನಡುಗುತ್ತಿದ್ದ ಹಿಮ್ಮಡಿ, ನೆಲ ಬಿಟ್ಟ ಹಿಮ್ಮಡಿ