ಕಾಟಿ ಕಾಪರಿ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ವನ್ಯಪ್ರಾಣಿಗಳನ್ನು ಉಳಿಸಲು ಹೊರಟವರಿಗೆ ಬರವಿಲ್ಲ. ಸಂಜೆಯ ವಾಕಿಂಗ್ ಮುಗಿದರೆ ಅವರಿಗೆ ಬೇರೆ ಕೆಲಸವೂ ಇಲ್ಲ. ಅದರಲ್ಲಿ ನರಹರಿಯವರದು ಎತ್ತಿದ ಕೈ. ಕಾರ್ಖಾನೆಯಿಂದ ನಿವೃತ್ತರಾದ ಈ ಚಾಮರಾಜನಗರದ ಎಂಜಿನಿಯರು ಅಳಿದುಳಿದ ಕಾಡುಕೋಣಗಳಿಗಾಗಿ ಸಂಘ ಕಟ್ಟಿದರು, ತಾವೇ ಅಧ್ಯಕ್ಷರಾದರು, ಶಾಲು ಹೊದೆಸಿಕೊಂಡರು. ಕಾಡುಕೋಣ ಕಂಡದ್ದು ಮಾತ್ರ ಲೆಟರ್‌ಹೆಡ್ಡಿನ ಮೇಲೆ.

ಸಂಘದ ಪಶುವೈದ್ಯೆ ಚಿನ್ಮಯಿ ನರಹರಿಯವರ ಹಳೆಯ ಸಹೋದ್ಯೋಗಿಯ ಮಗಳು. ಇದನ್ನೆಲ್ಲ ಅವಳು ಹಲ್ಲು ಕಚ್ಚಿ ಸಹಿಸಿದ್ದು ಒಂದು ಲಾರಿಯ ಆಸೆಗೆ: ದಾರಿ ತಪ್ಪಿದ ಪ್ರಾಣಿಯನ್ನು ಕಾಡಿಗೆ ಮರಳಿ ಒಯ್ಯುವ, ಗಟ್ಟಿ ಬೋನಿನ ಲಾರಿ. ನರಹರಿ ವಿಜಯವಾಡದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಬಾಬ್ಜಿಗೆ ಫೋನಿನಲ್ಲೇ ಆರ್ಡರ್ ಕೊಟ್ಟರು. ಮಲಗಿಸಿ ಒಯ್ಯುವಂತಿರಬೇಕು, ಒಂದು ಟನ್ ಹೊರಬೇಕು, ಹೆಸರು ‘ಕಾಟಿ ಕಾಪರಿ’. ಕಾಟಿ ಎಂದರೆ ತಮ್ಮೂರಿನಲ್ಲಿ ಕಾಡುಕೋಣ, ಕಾಪರಿ ಎಂದರೆ ತೆಲುಗಿನಲ್ಲಿ ಕಾವಲುಗಾರ. ಎರಡು ಭಾಷೆಗೆ ಮದುವೆ ಮಾಡಿಸಿದೆನೆಂದು ಬೀಗಿದರು; ಹೆಸರೇ ಎಲ್ಲ ಹೇಳುತ್ತದೆಂದು ಬಾಬ್ಜಿಗೆ ಬೇರೇನೂ ವಿವರಿಸಲಿಲ್ಲ.

“ಅಂಕಲ್, ತೆಲುಗಲ್ಲಿ ಕಾಟಿಕಾಪರಿ ಅಂದ್ರೆ ಸುಡುಗಾಡು ಕಾಯೋನು,” ಎಂದಳು ಚಿನ್ಮಯಿ.

“ಮನೇಲೂ ತೆಲುಗು ಮಾತಾಡೋಳು ನೀನು. ಕಾಟಿ ಅಂದ್ರೇನು ಅಂತ ನಂಗೆ ಹೇಳ್ಕೊಡ್ತೀಯೇನಮ್ಮ?”

ಜನ ನಗುತ್ತಾರೆ, ನಗಲಿ ಎಂದು ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಮೇ ತಿಂಗಳಲ್ಲಿ ಗುಡ್ಡದಿಂದಿಳಿದ ಗಂಡು ಕಾಟಿಯೊಂದು ಊರಾಚೆಯ ಗೇರುತೋಟದಲ್ಲಿ ಸಿಕ್ಕಿಕೊಂಡಿತು. ಸೆಲ್ಫಿಗೆ ಬಂದ ಜನ ಅದನ್ನು ಬೇಲಿಯಿಂದ ಬೇಲಿಗೆ ಓಡಿಸಿದರು. ಇಂಥ ಪ್ರಾಣಿ ಬೆದರಿ ಓಡಿಯೇ ಸಾಯುತ್ತದೆಂದು ಚಿನ್ಮಯಿಗೆ ಗೊತ್ತು. ಲಾರಿ ವಿಜಯವಾಡದಲ್ಲಿ ಸಿದ್ಧವಾಗಿ ನಾಲ್ಕು ದಿನವಾಗಿದ್ದರೂ ಅಧ್ಯಕ್ಷರಿಗೆ ಉದ್ಘಾಟನೆಯ ಮುಹೂರ್ತ ಕೂಡಿಬಂದಿರಲಿಲ್ಲ. ಅವಳು ಬೈದು, ಬೇಡಿ, ಕೊನೆಗೆ ಅತ್ತ ಮೇಲೆ ಮರುದಿನ ಮಧ್ಯಾಹ್ನ ಅದು ಹೊರಟು ಬಂತು. ತೋಟದ ಗೇಟಿಗೆ ಬಂದೆವೆಂದು ಬಾಬ್ಜಿಯ ಫೋನ್ ಬಂದ ಕೂಡಲೇ ಅವಳು ಅರಿವಳಿಕೆ ಹಾರಿಸಿ ಕಾಟಿಯನ್ನು ಮಲಗಿಸಿದಳು.

ಗಾಡಿ ಒಳಗೆ ಬಂತು. ಬಿಳಿ ಬಣ್ಣ, ಎರಡೂ ಬದಿಗೆ ಗಾಜು, ನಡುವೆ ಹೆಣ ಮಲಗಿಸುವ ಸ್ಟೀಲಿನ ಮಂಚ, ನೆತ್ತಿಯ ಮೇಲೆ ಶಂಖ ಚಕ್ರ, ಹಿಂಬದಿಗೆ ದೊಡ್ಡಕ್ಷರದಲ್ಲಿ ‘ಕಾಟಿ ಕಾಪರಿ’, ಅದರಡಿ ಅಧ್ಯಕ್ಷರ ಹೆಸರು.

“ಕಾಟಿಕಾಪರಿ ಅನ್ನಾರು ಗದಾ ಸಾರ್, ಶ್ಮಶಾನಂ ಬಂಡಿ ಅನುಕುನ್ನಾಂ,” ಎಂದ ಬಾಬ್ಜಿ, ಅಲ್ಲೇ ಕಾದಿದ್ದ ನರಹರಿಗೆ. ಹೆಸರು ಕೇಳಿ ಸುಡುಗಾಡಿಗೆ ಹೆಣ ಒಯ್ಯುವ ಗಾಡಿಯೆಂದೇ ತಿಳಿದಿದ್ದ. ಒಂದು ಟನ್ ಎಂದಾಗ ಯಾರೋ ತೀರಾ ದೊಡ್ಡಮನುಷ್ಯರ ಹೆಣವಿರಬೇಕೆಂದುಕೊಂಡನಂತೆ. ಅವನು ವಾಟ್ಸಾಪಿನಲ್ಲಿ ಫೋಟೋಗಳನ್ನೂ ಕಳಿಸಿದ್ದ. ನರಹರಿ ಅವುಗಳಲ್ಲಿ ತಮ್ಮ ಹೆಸರನ್ನಷ್ಟೇ ಹಿಗ್ಗಿಸಿ ನೋಡಿದ್ದರು.

ಬೋನಿಲ್ಲದ ಮಂಚದ ಮೇಲೆ ಜೀವಂತ ಕಾಟಿಯನ್ನು ಒಯ್ಯುವಂತಿರಲಿಲ್ಲ. ಚಿನ್ಮಯಿ ಎಚ್ಚರಿಸುವ ಮದ್ದು ಚುಚ್ಚಿದಳು. ಕಾಟಿ ಎದ್ದು, ಜನರ ಕೂಗಿಗೆ ಬೆದರಿ ಬೇಲಿಯ ತನಕ ಓಡಿ ಬಿತ್ತು. ಮತ್ತೆ ಏಳಲಿಲ್ಲ. ಅವಳು ಅದರ ಕತ್ತಿನ ಮೇಲೆ ಕೈಯಿಟ್ಟು ನೋಡಿದಳು; ನಾಡಿ ನಿಂತಿತ್ತು.

ಸಂಜೆ ಗಾಜು ಬಿಚ್ಚಿ, ಕ್ರೇನಿನಿಂದ ಎತ್ತಿ, ಅದನ್ನು ಗಾಡಿಯೊಳಗೆ ಮಲಗಿಸಿದರು. ಬಾಬ್ಜಿಯ ಕೆಲಸದಲ್ಲಿ ಕುಂದಿರಲಿಲ್ಲ. ಮಂಚ ಬಾಗಲೂ ಇಲ್ಲ.

“ಆ ಕಾಟಿ ಕಾಪರಿ ಅನ್ನೋ ಹೆಸರು ಅಳಿಸಿಬಿಡು ಅಂತ ಅವನಿಗೆ ಹೇಳಮ್ಮ,” ಎಂದರು ನರಹರಿ, ಶಾಲಿನಿಂದ ಬೆವರೊರೆಸಿಕೊಳ್ಳುತ್ತ.

“ಇರ್ಲಿ ಬಿಡಿ ಅಂಕಲ್,” ಎಂದಳು ಚಿನ್ಮಯಿ. “ನಿಮಗೆ ಸರಿಯಾಗಿ ಒಪ್ಪುತ್ತೆ.”