ಕಲ್ಯಾಣಮ್ಮ ಕಾಲು ಇಳಿಸಿದಳು

ನಮ್ಮ ರಾಮಸಮುದ್ರದಲ್ಲಿ ಯಾರ ಸೊಂಟ ಉಳುಕಿದರೂ ಕಲ್ಯಾಣಮ್ಮನ ಮನೆಗೇ ಓಡುತ್ತಾರೆ. ಆಕೆ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಬೆನ್ನು ತುಳಿದರೆ ನೋವು ಹೋಗುತ್ತದೆ ಎಂಬುದು ಊರಿನ ನಂಬಿಕೆ. ಆದರೆ ಸ್ವಂತ ಗಂಡನ ಬೆನ್ನು ಮಾತ್ರ ಆಕೆಯ ಕಾಲಿಗೆ ಬಗ್ಗಲಿಲ್ಲ ನೋಡಿ! ಬಸವಂತ್ರಾಯನಿಗೆ ಮೂರು ತಿಂಗಳಿಂದ ಬೆನ್ನುನೋವು. ದಿನಾ ಅಂಗಡಿಯ ನೋವಿನ ಗುಳಿಗೆ, ಭಾನುವಾರಕ್ಕೊಮ್ಮೆ ಹೆಂಡತಿಯ ಕಾಲು.

ಅಂದೂ ಆತ ಚಾಪೆಯ ಮೇಲೆ ಬೋರಲು ಮಲಗಿದ್ದ. ಕಲ್ಯಾಣಮ್ಮ ಕಾಲು ಎತ್ತಿದ್ದಳು. ಆಗಲೇ ಆಶಾ ಕಾರ್ಯಕರ್ತೆ ತರನ್ನುಮ ಬಾಗಿಲಿಗೆ ಬಂದಳು.

"ಕಾಕಿ, ಕಾಲ್ ಇಳಸ್ರಿ! ಕಾಕಾನ ಮಾರಿ ಎಷ್ಟ್ ಬಿಳಚ್ಯಾದ ನೋಡ್ರಿ."

"ಉಳುಕವ್ವ ಅದು. ಇನ್ನೊಂದ್ ಸಲ ತುಳದ್ರ ಹೋಗ್ತದ."

"ಮೂರ್ ತಿಂಗಳ ಉಳುಕು ಎಲ್ಲೇರ ಅದ ಏನ್ರಿ? ಕಾಕಾ, ದಣಿವಾಗ್ತದೇನ್ರಿ? ಒಂದಕ್ಕ ಹೋದ್ರ ನೊರಿ ಬರ್ತದೇನ್ರಿ?"

"ಹೌದವ್ವ. ನಾಕ್ ಹೆಜ್ಜಿ ನಡದ್ರ ತೇಕು. ಜ್ವರಾನೂ ಮ್ಯಾಲಿಂದ ಮ್ಯಾಲ ಬರಾಕತ್ತಾವ. ಈಕಿ ಮನಸಿಗಿ ಹಚ್ಕೋತಾಳಂತ ಹೇಳಲಿಲ್ಲ."

"ನನ್ನ ಮುಂದ ಹೇಳ್ಬಾರದೇನ್ರಿ? ನಾ ಏನ್ ಸತ್ತಿದ್ನೇನು?" ಕಲ್ಯಾಣಮ್ಮನ ಕಣ್ಣು ತುಂಬಿದವು.

ಮರುದಿನವೇ ಯಾದಗಿರಿಯ ದೊಡ್ಡಾಸ್ಪತ್ರೆಗೆ ಹೋದರು. ಎಕ್ಸರೇ, ರಕ್ತ, ಮೂತ್ರ ಎಲ್ಲ ನೋಡಿ ಕಲಬುರಗಿಗೆ ಕಳಿಸಿದರು. ಅಲ್ಲಿ ಎಲುಬಿನ ಮಜ್ಜೆಯನ್ನೂ ಪರೀಕ್ಷೆ ಮಾಡಿದರು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಇದಕ್ಕೆ ಮೈಲೋಮಾ ಅಂತಾರ. ಎಲುಬಿನ ಮಜ್ಜೆಯೊಳಗ ಪ್ಲಾಸ್ಮಾ ಕಣ ಅಂತ ಇರ್ತಾವ. ರೋಗದ ಜೋಡಿ ಹೋರಾಡೋ ಕಣ ಅವು. ಅವೇ ಕೆಟ್ಟು ಬೆಳೆಯೋ ಕ್ಯಾನ್ಸರ್ ಇದು. ಎಲುಬು ಟೊಳ್ಳಾಗ್ತಾವ, ರಕ್ತ ಕಡಿಮಿ ಆಗ್ತದ, ಕಿಡ್ನಿಗೂ ಪೆಟ್ಟು. ನೋವಿನ ಗುಳಿಗಿಯಿಂದ ಕಿಡ್ನಿ ಇನ್ನೂ ಕೆಡ್ತದ. ಬೆನ್ನು ತುಳಿಯೋದು ಬ್ಯಾಡೇ ಬ್ಯಾಡ, ಎಲುಬು ಮುರಿದೀತು. ಇದು ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ. ಔಷಧ ಅದಾವ, ಹೆದರಬ್ಯಾಡ್ರಿ."

"ಅಯ್ಯ ಶಿವನೇ! ನನ್ನ ಕಾಲೇ ಇವರ ಜೀವ ತಗೋತಿತ್ತಲ್ಲ!" ಕಲ್ಯಾಣಮ್ಮ ತನ್ನ ಕಾಲನ್ನೇ ಬಡಿದುಕೊಂಡಳು.

ಬಸವಂತ್ರಾಯ ಆಕೆಯ ಕೈ ಹಿಡಿದ. "ಏ ಹುಚ್ಚಿ, ನನ್ನ ಇಲ್ಲಿತನಕ ನಡಸ್ಕೊಂಡ್ ಬಂದದ್ದೂ ಅದೇ ಕಾಲು ಅಲ್ಲೇನು?"

ಈಗ ಆತನಿಗೆ ಚಿಕಿತ್ಸೆ ನಡೆದಿದೆ. ರೋಗ ಪೂರ್ತಿ ಹೋಗಿಲ್ಲ, ಆದರೆ ಹತೋಟಿಗೆ ಬಂದಿದೆ. ಸಂಜೆ ಚಹಾ ಅಂಗಡಿಯ ತನಕ ತಾನೇ ನಡೆದು ಹೋಗುತ್ತಾನೆ. ಕಲ್ಯಾಣಮ್ಮನ ಬಾಗಿಲಿಗೆ ಜನ ಈಗಲೂ ಬರುತ್ತಾರೆ. ಆಕೆ ಕಾಲು ಎತ್ತುವುದಿಲ್ಲ. "ಎಷ್ಟ್ ದಿನ ಆತು?" ಎಂದು ಕೇಳಿ, ತರನ್ನುಮಳ ಮನೆ ತೋರಿಸುತ್ತಾಳೆ.

ಬೆನ್ನುನೋವೆಲ್ಲ ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ವಾರಗಟ್ಟಲೆ ಬಿಡದ ನೋವು, ಜತೆಗೆ ದಣಿವು, ಪದೇಪದೇ ಜ್ವರ, ನೊರೆ ಮೂತ್ರ ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ನಮ್ಮ ಹಿರಿಯರು ತಾವಾಗಿ ಬಾಯಿ ಬಿಡುವವರಲ್ಲ. ಇವತ್ತು ಮನೆಗೆ ಹೋದವರೇ ಅವರ ಹತ್ತಿರ ಕುಳಿತು ನೀವೇ ಕೇಳಿ: "ಬೆನ್ನು ಎಷ್ಟ್ ದಿನದಿಂದ ನೋಯಾಕತ್ತಾದ?"