ಗಂಗಮ್ಮನಿಗೆ ತಂದ ಬಾಗಿನ

ನಿಡುಗಲ್ಲಿನ ಲಕ್ಷ್ಮಕ್ಕ ಕಾರವಾರದಲ್ಲಿ ಬಸ್ಸಿಳಿದು, ಮೊದಲ ಸಲ ಕಡಲು ಕಂಡವಳೇ ಗೊಣಗಿದಳು: ನಮ್ಮ ಕಡೆ ಕೊಡ ನೀರಿಗೆ ಜಗಳ, ಇಲ್ಲಿ ನೋಡಿದರೆ ಇಷ್ಟೊಂದನ್ನು ಉಪ್ಪು ಹಾಕಿ ಕೆಡಿಸಿಟ್ಟಿದ್ದಾರೆ. ಗೊಣಗಿದ್ದು ಬಾಯಿ ಮಾತ್ರ. ಮನಸ್ಸು ಕೈಮುಗಿದೇ ನಿಂತಿತ್ತು. ಹೋದ ಮಳೆಗಾಲದಲ್ಲಿ ಮಗಳು ಮಂಜುಳಾಳ ದೋಣಿ ಇಲ್ಲಿಯೇ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿತ್ತು. ಬದುಕಿದ ಮಗಳ ದನಿ ಫೋನಿನಲ್ಲಿ ಕೇಳಿದ ಗಳಿಗೆಯಲ್ಲೇ ಲಕ್ಷ್ಮಕ್ಕ ಗಂಗಮ್ಮನಿಗೆ ಬಾಗಿನದ ಹರಕೆ ಹೊತ್ತಿದ್ದಳು. ಊರ ಕೆರೆ ಕೋಡಿ ಬಿದ್ದಾಗ ಬಿಡುವಂಥದ್ದೇ: ಜೋಡಿ ಮೊರದ ತುಂಬ ಅಕ್ಕಿ, ಬೇಳೆ, ಬಳೆ, ಅರಿಸಿನ ಕುಂಕುಮ, ರವಿಕೆ ಬಟ್ಟೆ.

ಮಂಜುಳಾಗೆ ಆ ಅಳಿವೆಯಲ್ಲಿ ನೀರಿನಡಿ ಬೆಳೆಯುವ ಕಡಲಹುಲ್ಲು ಕಾಯುವ ಕೆಲಸ. ಮರುದಿನ ನೀರು ಇಳಿದ ಹೊತ್ತಿಗೆ ತಾಯಿಯನ್ನು ಅಲ್ಲಿಗೆ ಕರೆದೊಯ್ದಳು. ದೋಣಿ ನಡೆಸಿದವಳು ಮೀನುಗಾರರ ಮಾದೇವಿ. ದೋಣಿ ಮಗುಚಿದ ದಿನ ಮಂಜುಳಾಳನ್ನು ಕೈ ಹಿಡಿದು ತನ್ನ ದೋಣಿಗೆ ಎಳೆದುಕೊಂಡವಳು ಅವಳೇ. ಹುಲ್ಲಿನ ಮೇಲೆ ಯಾರೂ ಲಂಗರು ಹಾಕದಂತೆ, ಬಲೆ ಎಳೆಯದಂತೆ ದಿನಾ ಜಗಳವಾಡುವವಳೂ ಅವಳೇ. ಕೆಳಗೆ ಎಳೆ ರಾಗಿ ಪೈರಿನಂತೆ ಹಸಿರು ತೊನೆಯುತ್ತಿತ್ತು. ಅದರೊಳಗೆ ಉಗುರಿನಷ್ಟು ಮೀನುಮರಿಗಳು.

ಲಕ್ಷ್ಮಕ್ಕ ಮೊರ ಎತ್ತಿದಳು. ಮಂಜುಳಾ ತಡೆದಳು. ಇಲ್ಲಿ ಬಿಟ್ಟರೆ ಮೊರ, ಬಟ್ಟೆ ಹುಲ್ಲಿನ ಮೇಲೆ ಕೂರುತ್ತವೆ, ಬಿಸಿಲು ಬೀಳದೆ ಹುಲ್ಲು ಕೊಳೆಯುತ್ತದೆ, ಮರಿಗಳಿಗೆ ಮನೆ ಇರುವುದಿಲ್ಲ ಎಂದಳು. ಲಕ್ಷ್ಮಕ್ಕನಿಗೆ ರೇಗಿತು. ತುಂಬಿದ ಬಾಗಿನವನ್ನು ಮನೆಗೆ ವಾಪಸ್ಸು ಒಯ್ಯುವುದುಂಟೇ? ಹರಕೆ ತೀರದಿದ್ದರೆ ಕೆಡುಕು ತಟ್ಟುವುದು ಮಗಳಿಗೇ. ಆಳದಲ್ಲಾದರೂ ಬಿಡುತ್ತೇನೆಂದಳು. ಉಬ್ಬರ ಬಂದರೆ ಅದನ್ನೂ ಇಲ್ಲಿಗೇ ತರುತ್ತದೆಂದಳು ಮಗಳು.

"ದೋಣಿ ಮಗುಚಿದಾಗ ನನ್ ಕಾಲಿಗೆ ಸಿಕ್ಕಿದ್ದು ಈ ಹುಲ್ಲೇ ಕಣವ್ವ. ಇದು ಮಣ್ಣು ಹಿಡ್ಕೊಂಡೈತೆ, ಅದ್ಕೇ ನಿಂತ್ಕೊಂಡೆ. ಆಮೇಲೆ ಮಾದೇವಕ್ಕ ಬಂದ್ಳು."

ಲಕ್ಷ್ಮಕ್ಕ ಬಗ್ಗಿ ನೀರಿಗೆ ಕೈಯಿಟ್ಟಳು. ಹುಲ್ಲನ್ನು ಸವರಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಸೆರಗು ಮುಚ್ಚಿದ ಮೊರವನ್ನು ಮಾದೇವಿಯತ್ತ ಚಾಚಿದಳು.

ಮಾದೇವಿ ಹಿಂದೆ ಸರಿದಳು. ತಾನು ಗಂಡ ಸತ್ತವಳು, ಬಳೆ ಕುಂಕುಮದ ಬಾಗಿನ ತನಗೆ ಸಲ್ಲದು, ತೆಗೆದುಕೊಂಡರೆ ಮಂಜುಳಾಗೇ ಒಳ್ಳೆಯದಲ್ಲ ಎಂದು ತಲೆ ತಗ್ಗಿಸಿದಳು. ಲಕ್ಷ್ಮಕ್ಕನೂ ಶಾಸ್ತ್ರ ಬಲ್ಲವಳೇ. ಮೊರವನ್ನು ಒಂದು ಗಳಿಗೆ ಮಡಿಲಿಗಿಳಿಸಿ, ಮತ್ತೆ ಚಾಚಿದಳು.

"ಈ ಕೈಯಾಗೇ ಅಲ್ವೇನವ್ವ ನನ್ ಮಗಳ್ನ ಎಳ್ಕೊಂಡಿದ್ದು?" ಎಂದಳು. "ಆವತ್ತು ಶಾಸ್ತ್ರ ಕೇಳ್ದ್ಯಾ ನೀನು?"

ಲಕ್ಷ್ಮಕ್ಕ ಮೊರದಿಂದ ಹಸಿರು ಬಳೆಗಳನ್ನು ತೆಗೆದು, ಉಪ್ಪು ನೀರಿಗೆ ಒರಟಾದ ಮಾದೇವಿಯ ಕೈಗೆ ಒಂದೊಂದಾಗಿ ತಾನೇ ತೊಡಿಸಿದಳು.